ಹಳೇ ಕಟ್ಟಡ ಉಳಿಸೋ ಟ್ರಸ್ಟ್‌ಗೆ ದುಡ್ಡು: ಮುಂದುವರಿಸೋದಾ, ನಿಲ್ಲಿಸೋದಾ, ದಾರಿ ಬದಲಿಸೋದಾ?

ಚಾವಣಿ ಸೋರುತ್ತಿದೆ, ರಿಪೇರಿಗೆ ನೆರವಾಗಿ ಎಂದು ಒಂದು ಟ್ರಸ್ಟ್ ಕಾಗದ ಬರೆದಿತ್ತು. ಕೊಟ್ಟೆ. ಮರುವರ್ಷ ಅದೇ ಕಟ್ಟಡ ನೋಡಲು ಹೋದೆ. ಬಾಗಿಲಲ್ಲೇ ಹೊಸ ಟಿಕೆಟ್ ಕೌಂಟರ್, ಗಾಜಿನ ಗೋಡೆ, ಹೊಳೆಯುವ ಬೋರ್ಡು. ಒಳಗೆ ಮೂಲೆಯ ಕೋಣೆಗೆ ಹೋದರೆ, ಹಿಂದಿನ ಸಲ ನೋಡಿದ್ದ ಅದೇ ನೀಲಿ ಬಕೆಟ್. ಅದರೊಳಗೆ ಟಪ್ ಟಪ್ ಅಂತ ನೀರು.

ಮೈ ಉರಿಯಿತು. ಮನೆಗೆ ಬಂದವನೇ ಸದಸ್ಯತ್ವ ರದ್ದು ಮಾಡುವ ಪತ್ರ ಬರೆಯಲು ಕೂತೆ. ಬರೆಯುವ ಮೊದಲು ಅವರ ವಾರ್ಷಿಕ ವರದಿ ಒಮ್ಮೆ ತೆಗೆದು ನೋಡೋಣ ಅನ್ನಿಸಿತು. ಅಲ್ಲಿ ಸಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ. ಅವತ್ತಿನಿಂದ ಇಂಥ ಸಂಸ್ಥೆಗಳ ಲೆಕ್ಕ ಓದುವುದು ಒಂದು ಚಟವೇ ಆಗಿಬಿಟ್ಟಿದೆ. ಕೊಡುವುದನ್ನು ಮುಂದುವರಿಸಲೋ ಬಿಡಲೋ ಎಂದು ತೂಗುತ್ತಿರುವವರಿಗೆ ಅದರಿಂದ ಏನಾದರೂ ಪ್ರಯೋಜನ ಆಗಬಹುದು.

ಸಿಟ್ಟು ಯಾವುದರ ಮೇಲೆ?

ಟ್ರಸ್ಟ್ ಬಿಟ್ಟವರನ್ನು ಕೇಳಿ ನೋಡಿ. 'ದುಡ್ಡು ಪೋಲು ಮಾಡ್ತಾರೆ' ಅನ್ನುತ್ತಾರೆ. ಸ್ವಲ್ಪ ಕೆದಕಿದರೆ ಅರ್ಧಕ್ಕರ್ಧ ಜನರ ತಕರಾರು ದುಡ್ಡಿನದ್ದೇ ಅಲ್ಲ. ತಮಗೆ ಇಷ್ಟವಿಲ್ಲದ ಕಡೆ ಖರ್ಚಾಯಿತು ಅನ್ನುವುದು. ಇವೆರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ನೋಡಿ. 1895ರಲ್ಲಿ ಮೂವರು ಸೇರಿ ಹುಟ್ಟುಹಾಕಿದ ಸಂಸ್ಥೆ. ಮರುವರ್ಷ ಕೊಂಡ ಮೊದಲ ಕಟ್ಟಡ ಒಬ್ಬ ಪಾದ್ರಿಯ ಹಳೇ ಮನೆ, ಕೊಟ್ಟ ಬೆಲೆ 10 ಪೌಂಡ್! ಇವತ್ತು ಅದಕ್ಕೆ 50 ಲಕ್ಷಕ್ಕೂ ಜಾಸ್ತಿ ಸದಸ್ಯರು. 2020ರಲ್ಲಿ ಅದು ತನ್ನ ಬಂಗಲೆಗಳಿಗೂ ವಸಾಹತುಶಾಹಿ, ಗುಲಾಮಗಿರಿಗಳಿಗೂ ಇರುವ ನಂಟಿನ ಬಗ್ಗೆ ವರದಿ ತಂದಾಗ ದೊಡ್ಡ ಗಲಾಟೆ ಆಯಿತು. ದೂರುಗಳು ದಾನ ಸಂಸ್ಥೆಗಳ ಮೇಲೆ ಕಣ್ಣಿಡುವ ಅಲ್ಲಿನ ಚಾರಿಟಿ ಕಮಿಷನ್‌ವರೆಗೆ ಹೋದವು. ಟ್ರಸ್ಟ್ ಕಾನೂನು ಮೀರಿಲ್ಲ, ಕ್ರಮ ಕೈಗೊಳ್ಳುವಂಥದ್ದು ಏನೂ ಇಲ್ಲ ಎಂದು ಕಮಿಷನ್ 2021ರಲ್ಲಿ ಹೇಳಿತು. ಆ ವರದಿ ನಿಮಗೆ ಸರಿ ಅನ್ನಿಸಬಹುದು, ಅನ್ನಿಸದೆಯೂ ಇರಬಹುದು. ಅದು ಅಭಿಪ್ರಾಯದ ಜಗಳ. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಸದಸ್ಯರ ವಾರ್ಷಿಕ ಸಭೆಯಲ್ಲಿ ಮತ ಹಾಕಿಯೇ ಅದನ್ನು ಬಗೆಹರಿಸಿಕೊಳ್ಳಬೇಕು. ಹೊರಗೆ ಹೋದವರಿಗೆ ಆ ಮತವೂ ಇರುವುದಿಲ್ಲ, ಅಲ್ವಾ?

ಎರಡರ ನಡುವೆ ಸಿಕ್ಕಿಕೊಳ್ಳುವ ಪ್ರಕರಣಗಳೂ ಇವೆ. ಅದೇ ಟ್ರಸ್ಟಿನ ಕ್ಲ್ಯಾಂಡನ್ ಪಾರ್ಕ್ ಎಂಬ ಬಂಗಲೆ 2015ರ ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ನೆಲಮಾಳಿಗೆಯ ವಿದ್ಯುತ್ ಬೋರ್ಡಿನ ದೋಷವೇ ಕಾರಣ. ಮುಖ್ಯ ಕೋಣೆಗಳನ್ನು ಮೊದಲಿನ ಹಾಗೆ ಕಟ್ಟುತ್ತೇವೆ ಎಂದು 2016ರಲ್ಲಿ ಹೇಳಿದರು. 2022ರಲ್ಲಿ ಮಾತು ಬದಲಾಯಿತು: ಸುಟ್ಟ ಗೋಡೆಗಳನ್ನು ಹಾಗೇ ಉಳಿಸಿ ಜನರಿಗೆ ತೋರಿಸುತ್ತೇವೆ ಅಂದರು. ನನಗೇನೋ ಎರಡನೆಯ ಯೋಚನೆಯೇ ಚೆನ್ನಾಗಿದೆ ಅನ್ನಿಸುತ್ತದೆ. ಸುಟ್ಟ ಇಟ್ಟಿಗೆ ಹೇಳುವ ಕಥೆಯನ್ನು ಹೊಸ ಗಾರೆಯ ಹೂಬಳ್ಳಿ ಹೇಳಲಾರದು. ಆದರೆ ಮೊದಲ ಮಾತು ನಂಬಿ ಕಾದವರಿಗೆ ಮೋಸ ಹೋದ ಹಾಗೆ ಅನ್ನಿಸಿದ್ದರೆ ಅವರದ್ದೂ ತಪ್ಪಲ್ಲ. ದುಡ್ಡು ಎಲ್ಲೂ ಕಳೆದುಹೋಗಿರಲಿಲ್ಲ. ಹೋಗಿದ್ದು ಮಾತು.

ಮೂಗಿಗಿಂತ ಮೂಗುತಿ ಭಾರವೇ?

'ನೂರಕ್ಕೆ ಎಷ್ಟು ಆಡಳಿತಕ್ಕೆ ಹೋಗುತ್ತೆ?' ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನನ್ನ ಪ್ರಕಾರ ಹಳೇ ಕಟ್ಟಡಗಳ ವಿಷಯದಲ್ಲಿ ಇದಕ್ಕಿಂತ ದಾರಿ ತಪ್ಪಿಸುವ ಪ್ರಶ್ನೆ ಇನ್ನೊಂದಿಲ್ಲ.

ಯಾಕೆಂದರೆ ಟಿಕೆಟ್ ಮಾರುವವರ ಸಂಬಳ, ಅಂಗಡಿಯ ಸರಕು, ಸದಸ್ಯರಿಗೆ ಕಳಿಸುವ ಪತ್ರಿಕೆ, ಇವೆಲ್ಲ ಎಷ್ಟೋ ಸಲ 'ಆದಾಯ ಗಳಿಸಲು ಆದ ಖರ್ಚು' ಎಂಬ ಬಾಬ್ತಿನಲ್ಲಿ ಬರುತ್ತವೆ. ಅಂಗಡಿ ಇರುವ ಟ್ರಸ್ಟು ದುಂದುಗಾರನ ಹಾಗೆ ಕಾಣುತ್ತದೆ. ಅಂಗಡಿಯೇ ಇಲ್ಲದೆ ವರ್ಷವಿಡೀ ಬೀಗ ಹಾಕಿಕೊಂಡಿರುವ ಟ್ರಸ್ಟು ಮಿತವ್ಯಯಿ ಅನ್ನಿಸಿಕೊಳ್ಳುತ್ತದೆ. ಅಂಗಡಿ ಲಾಭ ತಂದು ಚಾವಣಿಗೆ ಕೊಟ್ಟಿದ್ದನ್ನು ಆ ಶೇಕಡಾ ಹೇಳುವುದಿಲ್ಲ. 2013ರಲ್ಲಿ ಅಮೆರಿಕದಲ್ಲಿ ದಾನ ಸಂಸ್ಥೆಗಳನ್ನು ಅಳೆದು ಅಂಕ ಕೊಡುವ ಮೂರು ಸಂಸ್ಥೆಗಳು, ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್, ಒಟ್ಟಾಗಿ ದಾನಿಗಳಿಗೆ ಬಹಿರಂಗ ಪತ್ರ ಬರೆದವು. ಆಡಳಿತ ಖರ್ಚೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಎಂದು ಕೇಳಿಕೊಂಡವು. ಅಳೆಯುವವರೇ ಅಳತೆಗೋಲಿನ ಬಗ್ಗೆ ಎಚ್ಚರಿಸಿದ್ದು!

ಇನ್ನೊಂದು ಕಾರಣ ಗೋಡೆಯಲ್ಲೇ ಇದೆ. ಹಳೇ ಕಲ್ಲುಗೋಡೆಯ ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಅದು ನಿಧಾನ, ಅದನ್ನು ಬಲ್ಲ ಕೈಗಳೂ ಕಡಿಮೆ, ದುಬಾರಿ. ಸಿಮೆಂಟ್ ಆದರೆ ಯಾರು ಬೇಕಾದರೂ ಬೇಗ ಮೆತ್ತಿ ಮುಗಿಸುತ್ತಾರೆ. ಆದರೆ ಸಿಮೆಂಟ್ ತೇವ ಹೊರಗೆ ಬಿಡುವುದಿಲ್ಲ. ನೀರು ಕಲ್ಲಿನ ಮೂಲಕವೇ ದಾರಿ ಹುಡುಕುತ್ತದೆ, ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಸಿಮೆಂಟ್ ಗೆರೆ ಮಾತ್ರ ಗಟ್ಟಿಯಾಗಿ ಉಳಿದು, ಕಲ್ಲು ಒಳಸರಿದ ಗೋಡೆಯನ್ನು ನೀವೂ ಎಲ್ಲೋ ನೋಡಿರುತ್ತೀರಿ. ಆ ಕೆಲಸ ಮಾಡಿಸಿದ ವರ್ಷದ ಲೆಕ್ಕದಲ್ಲಿ ಅದು ಉಳಿತಾಯ ಅಂತಲೇ ಬಂದಿರುತ್ತದೆ.

ಹಾಗಂತ ಮೂಗುತಿ ಭಾರವಾಗುವುದೇ ಇಲ್ಲ ಅನ್ನುತ್ತಿಲ್ಲ. ಒಂದು ವರ್ಷದ ಅಂಕಿ ಬಿಟ್ಟು, ಅದೇ ಟ್ರಸ್ಟಿನ ಐದು ವರ್ಷದ ಅಂಕಿ ಪಕ್ಕ ಪಕ್ಕ ಇಟ್ಟು ನೋಡಿ. ರಿಪೇರಿಗೆ ಹೋದದ್ದು ನಿಂತಲ್ಲೇ ನಿಂತು, ಮೇಲಿನವರ ಸಂಬಳ ಮತ್ತು ಪ್ರಚಾರ ಮಾತ್ರ ಏರುತ್ತಾ ಹೋಗಿದ್ದರೆ ಕೇಳಲೇಬೇಕು.

ವರದಿಯ ಹಿಂದಿನ ಪುಟಗಳು

ಮುಂದಿನ ಪುಟಗಳಲ್ಲಿ ನಗುವ ಮಕ್ಕಳ ಫೋಟೋ ಇರುತ್ತದೆ. ಅದನ್ನು ದಾಟಿ ಹಿಂದಕ್ಕೆ, ಸಣ್ಣ ಅಕ್ಷರದ ಟಿಪ್ಪಣಿಗಳಿಗೆ ಹೋಗಿ. ಅಲ್ಲಿ ನಿಧಿಗಳ ಪಟ್ಟಿ ಇರುತ್ತದೆ.

ನಿಧಿ ಮೂರು ಥರ. ಒಂದು, ಎಲ್ಲಿ ಬೇಕಾದರೂ ಬಳಸಬಹುದಾದ ದುಡ್ಡು. ಎರಡು, ಇಂಥದ್ದಕ್ಕೇ ಎಂದು ದಾನಿ ಹೇಳಿ ಕೊಟ್ಟಿದ್ದು. ಅದನ್ನು ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. ಮೂರು, ದತ್ತಿನಿಧಿ. ಅಸಲು ಹಾಗೇ ಇರಬೇಕು, ಅದರಿಂದ ಬರುವ ಆದಾಯವನ್ನಷ್ಟೇ ಬಳಸಬೇಕು. ಇಷ್ಟು ಗೊತ್ತಿದ್ದರೆ ಪತ್ರಿಕೆಗಳ ಅರ್ಧ ತಲೆಬರಹ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. 2020ರ ಕೋವಿಡ್ ಕಾಲದಲ್ಲಿ ನ್ಯಾಷನಲ್ ಟ್ರಸ್ಟ್ ಸುಮಾರು 1,300 ಹುದ್ದೆ ತೆಗೆಯಿತು. ನೂರು ಕೋಟಿ ಪೌಂಡಿಗೂ ಮೀರಿ ಕೂಡಿಟ್ಟುಕೊಂಡು ಜನರನ್ನು ಮನೆಗೆ ಕಳಿಸ್ತೀರಾ ಎಂದು ಜನ ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಆ ಗಂಟಿನ ಬಹುಭಾಗ ಯಾವುದೋ ಒಂದು ಮನೆಗೆ, ಯಾವುದೋ ಒಂದು ತೋಟಕ್ಕೆ ಎಂದು ಕಟ್ಟುಬಿದ್ದದ್ದು. ಸಂಬಳಕ್ಕೆ ಅದನ್ನು ಒಡೆದರೆ ನಾಳೆ ಯಾರೂ ನಂಬಿ ಕೊಡುವುದಿಲ್ಲ. ಇನ್ನು ಕಟ್ಟುಬೀಳದ ದುಡ್ಡನ್ನು ಯಾರ ಮೇಲೆ ಖರ್ಚು ಮಾಡಬೇಕಿತ್ತು, ಕಲಾವಸ್ತು ಬಲ್ಲವರನ್ನೇ ಕಳಿಸಬೇಕಿತ್ತಾ ಅನ್ನುವುದು ಬೇರೆ ಮಾತು. ಆ ಮಾತಿನಲ್ಲಿ ನಾನು ಕೆಲಸ ಕಳೆದುಕೊಂಡವರ ಕಡೆ.

'ಒಟ್ಟು ಆಸ್ತಿ' ಎಂಬ ದೊಡ್ಡ ಅಂಕಿಯನ್ನು ಕಣ್ಣುಮುಚ್ಚಿ ದಾಟಿಬಿಡಿ. ಮಾರಲಾಗದ ಕೋಟೆಗೆ ಬೆಲೆ ಕಟ್ಟುವುದು ಹೇಗೆ? ಎಷ್ಟೋ ಟ್ರಸ್ಟ್‌ಗಳು ಅದನ್ನು ಆಸ್ತಿ ಪಟ್ಟಿಗೆ ಸೇರಿಸುವುದೇ ಇಲ್ಲ. ಸೇರಿಸಿದರೂ ಆ ಅಂಕಿಯಿಂದ ಒಂದು ಹೆಂಚು ಬದಲಿಸಲು ಆಗುವುದಿಲ್ಲ. ಹಳೇ ಕಟ್ಟಡ ನಿಜವಾಗಿ ಆಸ್ತಿಯಲ್ಲ, ತೀರದ ಸಾಲ.

ನಾನು ಜಾಸ್ತಿ ಹೊತ್ತು ನಿಲ್ಲುವುದು ಇನ್ನೊಂದು ಟಿಪ್ಪಣಿಯ ಹತ್ತಿರ. ಟ್ರಸ್ಟಿಗಳಿಗೆ, ಅವರ ನೆಂಟರಿಗೆ, ಅವರ ಕಂಪನಿಗಳಿಗೆ ಆ ವರ್ಷ ಏನಾದರೂ ಪಾವತಿ ಆಗಿದೆಯೇ ಎಂದು ಅಲ್ಲಿ ಬರೆದಿರಬೇಕು. ಸಾರುವೆ ಕಟ್ಟುವ ಗುತ್ತಿಗೆ ಟ್ರಸ್ಟಿಯ ತಮ್ಮನದ್ದೇ ಆಗಿ, ಬೇರೆ ಯಾರ ದರವನ್ನೂ ಕೇಳಿಲ್ಲ ಅಂದರೆ ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಅರ್ಥ. ಆಡಿಟರ್ ಅಭಿಪ್ರಾಯದಲ್ಲಿ 'ಆದರೆ', 'ಇದನ್ನು ಹೊರತುಪಡಿಸಿ' ಎಂಬ ಪದ ಕಂಡರೂ ನಿಂತು ಓದಿ. ಲೆಕ್ಕ ಒಪ್ಪಿಸುವುದು ವರ್ಷಾನುಗಟ್ಟಲೆ ತಡವಾಗುತ್ತಿದ್ದರೆ ಓದುವ ಶ್ರಮವೂ ಬೇಡ, ಕೊಡುವುದನ್ನು ನಿಲ್ಲಿಸಿ.

ಈಗ ನನ್ನ ಬಕೆಟ್ಟಿಗೆ ಬರೋಣ. ಆ ಟ್ರಸ್ಟಿನ ಟಿಪ್ಪಣಿಯಲ್ಲಿ 'ಚಾವಣಿ ನಿಧಿ' ಎಂಬ ಸಾಲಿತ್ತು. ಬಂದದ್ದು ಇಷ್ಟು, ಖರ್ಚು ಸೊನ್ನೆ, ಉಳಿದದ್ದು ಅಷ್ಟೂ. ಟಿಕೆಟ್ ಕೌಂಟರ್‌ಗೆ ಬೇರೆಯದೇ ಸಾಲು. ಯಾವುದೋ ಅನುದಾನ, ಪ್ರವೇಶದ್ವಾರಕ್ಕೇ ಎಂದು ಬಂದದ್ದು. ಫೋನ್ ಮಾಡಿ ಕೇಳಿದೆ. ಚಾವಣಿಯ ಸಂದಿಯಲ್ಲಿ ಬಾವಲಿಗಳು ಮರಿ ಹಾಕಿದ್ದವಂತೆ. ಅವು ಹಾರಿಹೋಗುವವರೆಗೆ ಕೈ ಹಚ್ಚುವಂತಿಲ್ಲ. ಅವು ಹೊರಡುವ ಹೊತ್ತಿಗೆ ಕೊರೆಯುವ ಚಳಿ ಶುರು. ಹಿಮ ಬೀಳುವಾಗ ಸುಣ್ಣದ ಗಾರೆ ಹಾಕಿದರೆ ಗಟ್ಟಿಯಾಗುವ ಮೊದಲೇ ಪುಡಿಯಾಗುತ್ತದೆ. ಹಾಗಾಗಿ ಒಂದು ವರ್ಷ ಮುಂದಕ್ಕೆ ಹೋಯಿತು. 'ಇದನ್ನೊಂದು ಚೀಟಿಯಲ್ಲಿ ಬರೆದು ಬಕೆಟ್ ಮೇಲೆ ಅಂಟಿಸಬಾರದಿತ್ತಾ?' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. 'ಯಾರೂ ಯೋಚನೆ ಮಾಡಿರಲಿಲ್ಲ' ಅಂದರು.

ಬೆಂಕಿ ಬಿದ್ದಾಗ ಕೊಡುವುದು

ಈಗ ಆಯ್ಕೆಗಳನ್ನು ತೂಗೋಣ. ಒಂದು ದಾರಿ, ಅನಾಹುತ ಆದಾಗ ಒಮ್ಮೆ ದೊಡ್ಡದಾಗಿ ಕೊಟ್ಟು ಸುಮ್ಮನಿರುವುದು. ಇದರಷ್ಟು ಸಮಾಧಾನ ಕೊಡುವ ದಾನ ಇನ್ನೊಂದಿಲ್ಲ. ಇದರ ಒಳಹೊರಗು ತಿಳಿಯಲು ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿಗಿಂತ ಒಳ್ಳೆಯ ಪಾಠವೂ ಇಲ್ಲ.

2019ರ ಏಪ್ರಿಲ್ 15ರಂದು ಅದು ಉರಿಯಿತು. ಸುಮಾರು 150 ದೇಶಗಳ 3.4 ಲಕ್ಷದಷ್ಟು ಜನ ಕೊಟ್ಟರು. ಒಟ್ಟು ಮೊತ್ತ 84 ಕೋಟಿ ಯೂರೋ ದಾಟಿತು. ದೊಡ್ಡ ಕುಳಗಳು ಎರಡೇ ದಿನದಲ್ಲಿ ಹತ್ತಾರು ಕೋಟಿ ಘೋಷಿಸಿದರು. ಆದರೆ ಮೊದಲ ಎರಡು ತಿಂಗಳು ಕೆಲಸಗಾರರ ಸಂಬಳಕ್ಕೆ ಒದಗಿದ್ದು ಹೆಚ್ಚಾಗಿ ಸಣ್ಣ ದಾನಿಗಳ ದುಡ್ಡು. ತಮ್ಮ ಹಣ ಯಾವುದಕ್ಕೆ ಹೋಗುತ್ತದೆ ಎಂದು ಮೊದಲು ಕಾಗದದ ಮೇಲೆ ಗೊತ್ತಾಗಲಿ ಎಂದು ದೊಡ್ಡವರು ಕಾದರು. ಆಮೇಲೆ ಕೊಟ್ಟರು. ಅವರನ್ನು ಬೈದವರು ಬಹಳ. ನನಗೆ ಮಾತ್ರ ಅವರು ಕೇಳಿದ್ದು ಸರಿಯೇ ಅನ್ನಿಸುತ್ತದೆ. ಸಣ್ಣವರಾದ ನಾವೂ ಕೇಳಬೇಕಾದ್ದೇ ಅದು.

ಆಮೇಲೆ ಸುಮಾರು ಎರಡು ವರ್ಷ ಒಂದು ಕಮಾನೂ ಹೊಸದಾಗಿ ಏಳಲಿಲ್ಲ. ಬೆಂಕಿಗೆ ಮುಂಚೆ ಶಿಖರದ ರಿಪೇರಿಗೆ ಎಂದು ಕಟ್ಟಿದ್ದ ಕಬ್ಬಿಣದ ಸಾರುವೆ ಬಿಸಿಗೆ ಬಾಗಿ ಒಂದಕ್ಕೊಂದು ಬೆಸೆದುಕೊಂಡಿತ್ತು. ಸುಮಾರು 40 ಸಾವಿರ ಕೊಳವೆಗಳು. ಎಳೆದರೆ ಕಟ್ಟಡವೇ ಬೀಳುವ ಭಯ. 2020ರಲ್ಲಿ ಕೆಲಸಗಾರರು ಹಗ್ಗದಲ್ಲಿ ನೇತಾಡಿಕೊಂಡು ಅವನ್ನು ಕತ್ತರಿಸಿ ಕತ್ತರಿಸಿ ತೆಗೆದರು. ಕರಗಿದ ಚಾವಣಿಯ ಸೀಸದ ದೂಳು ತೊಳೆಯುವುದು ಬೇರೆ. ಬೀಳದ ಹಾಗೆ ನಿಲ್ಲಿಸುವ ಈ ಕೆಲಸಕ್ಕೇ ಸುಮಾರು 15 ಕೋಟಿ ಯೂರೋ ಹೋಯಿತು. ಮಧ್ಯದಲ್ಲಿ ಹೋಗಿ ನೋಡಿದ ದಾನಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಅಲ್ಲಿ ನಂಬಿಕೆ ಉಳಿದಿದ್ದು ಹೊರಗಿನ ಕಣ್ಣಿನಿಂದ. ಫ್ರಾನ್ಸಿನ ಲೆಕ್ಕಪರಿಶೋಧನಾ ನ್ಯಾಯಾಲಯ ಮೊದಲಿನಿಂದಲೂ ಆ ದುಡ್ಡಿನ ಹಿಂದೆ ಬಿದ್ದಿತ್ತು. ಕೆಲಸ ನೋಡಿಕೊಳ್ಳಲು ಸರ್ಕಾರ ಕಟ್ಟಿದ ಸಂಸ್ಥೆಯ ಕಚೇರಿ ಖರ್ಚನ್ನು ದೇಣಿಗೆಯಿಂದ ತೆಗೆಯುವುದು ಸರಿಯಲ್ಲ ಎಂದು 2020ರಲ್ಲೇ ಆಕ್ಷೇಪ ಎತ್ತಿತು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಸುಮಾರು 70 ಕೋಟಿ ಯೂರೋ ಲೆಕ್ಕ. ಉಳಿದ 14 ಕೋಟಿಯಷ್ಟನ್ನು ಬೆಂಕಿಗೆ ಮುಂಚೆಯೇ ಹಾಳಾಗಿದ್ದ ಹೊರಗಿನ ಕಲ್ಲುಕೆಲಸಕ್ಕೆ ಇಟ್ಟಿದ್ದಾರೆ.

ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಬೆಂಕಿಗೆ ಮುಂಚೆಯೇ ಹಾಳಾಗಿತ್ತು. ಆಗ ಯಾರೂ ಇಷ್ಟು ಕೊಟ್ಟಿರಲಿಲ್ಲ.

ಫೋಟೋಗೆ ಬೀಳದ ಕೆಲಸಕ್ಕೆ ಕೊಡುವುದು

ನನ್ನ ಒಲವು ಈ ಕಡೆ. ಹಳೇ ಕಟ್ಟಡ ಕೊಲ್ಲುವುದರಲ್ಲಿ ಬೆಂಕಿಗಿಂತ ಕಟ್ಟಿಕೊಂಡ ಮಳೆನೀರಿನ ಕೊಳವೆಯದ್ದು ದೊಡ್ಡ ಕೈ. ಮಳೆನೀರು ಹಿಡಿಯುವ ಸೂರಿನ ದೋಣಿಯಲ್ಲಿ ಎಲೆ ತುಂಬುತ್ತದೆ, ನೀರು ಗೋಡೆಗೆ ತಿರುಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಒಂದು ಏಣಿ, ಒಂದು ಬುಟ್ಟಿ, ಅರ್ಧ ದಿನದ ಕೂಲಿ ಉಳಿಸಬಹುದಾಗಿದ್ದನ್ನು ಹತ್ತು ವರ್ಷ ಬಿಟ್ಟು ದೊಡ್ಡ ಮನವಿಪತ್ರದಲ್ಲಿ ಕೇಳುತ್ತಾರೆ.

ನೆದರ್ಲೆಂಡ್ಸ್‌ನಲ್ಲಿ 1973ರಲ್ಲಿ ಶುರುವಾದ ಮಾನ್ಯುಮೆಂಟನ್‌ವಾಖ್ಟ್ ಎಂಬ ಏರ್ಪಾಡು ನನಗೆ ಬಹಳ ಇಷ್ಟ. ಕಟ್ಟಡದ ಮಾಲೀಕರು ಚಂದಾದಾರರಾಗುತ್ತಾರೆ. ಪರಿಣತರು ಬಂದು ಚಾವಣಿ ಹತ್ತಿ, ಅಟ್ಟ ಹೊಕ್ಕು ಎಲ್ಲ ನೋಡುತ್ತಾರೆ. ಸರಿದ ಹೆಂಚು, ಕಟ್ಟಿದ ಕೊಳವೆಯಂಥ ಸಣ್ಣಪುಟ್ಟದ್ದನ್ನು ಅಲ್ಲೇ ಸರಿಮಾಡಿ, ಉಳಿದದ್ದನ್ನು ಯಾವುದು ಮೊದಲು ಯಾವುದು ಆಮೇಲೆ ಎಂದು ಬರೆದುಕೊಡುತ್ತಾರೆ. ಉದ್ಘಾಟನೆ ಇಲ್ಲ, ದಾನಿಯ ಹೆಸರಿನ ಫಲಕವೂ ಇಲ್ಲ. ಬ್ರಿಟನ್ನಿನಲ್ಲಿ 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಕಟ್ಟಿದ ಪ್ರಾಚೀನ ಕಟ್ಟಡ ರಕ್ಷಣಾ ಸಂಘವೂ ಹೇಳುತ್ತಾ ಬಂದದ್ದು ಇದನ್ನೇ: ಹೊಸದು ಮಾಡಬೇಡಿ, ಇರುವುದನ್ನು ದಿನಾ ನೋಡಿಕೊಳ್ಳಿ.

ಟ್ರಸ್ಟನ್ನು ಕೇಳಬೇಕಾದ ಪ್ರಶ್ನೆ ಇಲ್ಲಿಂದಲೇ ಬರುತ್ತದೆ. 'ಕಳೆದ ಸಲ ಚಾವಣಿ ಪರೀಕ್ಷೆ ಯಾವಾಗ ಆಯಿತು? ಅದರ ಪಟ್ಟಿಯಲ್ಲಿ ಎಷ್ಟು ಮುಗಿದಿದೆ?' ತಕ್ಷಣ ಉತ್ತರ ಕೊಡುವ ಟ್ರಸ್ಟಿಗೆ ನಾನು ಕೊಡುತ್ತೇನೆ. ಇದರ ಒಂದು ಕೊರತೆ ಹೇಳಿಬಿಡುತ್ತೇನೆ: ಎಂದೂ ಏನೂ ಆದ ಹಾಗೆ ಕಾಣುವುದಿಲ್ಲ. ಅದೇ ಯಶಸ್ಸು ಎಂದು ನಿಮ್ಮನ್ನು ನೀವೇ ಒಪ್ಪಿಸಿಕೊಳ್ಳಬೇಕು.

ದೊಡ್ಡದೋ, ಚಿಕ್ಕದೋ?

ದೊಡ್ಡ ಟ್ರಸ್ಟಿನ ಸದಸ್ಯತ್ವದ ಲಾಭ ನೇರ. ಟಿಕೆಟ್ಟಿಲ್ಲದೆ ಒಳಗೆ ಹೋಗಬಹುದು, ಲೆಕ್ಕ ಸರಿಯಾಗಿ ಹೊರಬರುತ್ತದೆ, ತಪ್ಪಾದರೆ ಪತ್ರಿಕೆಗಳು ಮುಗಿಬೀಳುತ್ತವೆ. ಆದರೆ ನಿಮ್ಮ ದುಡ್ಡು ಯಾವ ಗೋಡೆಗೆ ಸೇರಿತು ಎಂದು ಗೊತ್ತಾಗುವುದಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಹೋಗುವವರು ಅದನ್ನು ದಾನ ಅಂದುಕೊಳ್ಳದೆ ಟಿಕೆಟ್ ಅಂದುಕೊಂಡರೆ ಅರ್ಧ ಬೇಸರ ಕಡಿಮೆಯಾದೀತು.

ಚಿಕ್ಕ ಟ್ರಸ್ಟಿನಲ್ಲಿ ಉಲ್ಟಾ. 1957ರಲ್ಲಿ ಶುರುವಾದ ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್ ನೋಡಿ. ಯಾರೂ ಬೇಡ ಅಂದ ಚರ್ಚುಗಳಿಗೆ ಗೆಳೆಯರು ಎಂದೇ ಹೆಸರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 60ಕ್ಕೂ ಹೆಚ್ಚು ಹಳೇ ಚರ್ಚುಗಳನ್ನು ಬೆರಳೆಣಿಕೆಯ ಸಿಬ್ಬಂದಿ ಇಟ್ಟುಕೊಂಡು ನೋಡಿಕೊಳ್ಳುತ್ತದೆ. ಇಂಥ ಕಡೆ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಅಪಾಯವೂ ಇದೆ. ಚಿಕ್ಕ ಟ್ರಸ್ಟು ಎಷ್ಟೋ ಕಡೆ ಒಬ್ಬರ ಉತ್ಸಾಹದ ಮೇಲೆ ನಿಂತಿರುತ್ತದೆ. ಅವರು ಹೋದರೆ ಬೀಗದ ಕೈ ಯಾರ ಹತ್ತಿರ ಎಂಬುದೇ ಗೊತ್ತಿರುವುದಿಲ್ಲ. ಟ್ರಸ್ಟಿಗಳ ಪಟ್ಟಿಯಲ್ಲಿ ಕಳೆದ ಐದು ವರ್ಷದಲ್ಲಿ ಹೊಸ ಹೆಸರು ಸೇರಿದೆಯಾ ನೋಡಿ.

ಇದನ್ನೆಲ್ಲ ಸರ್ಕಾರವೇ ನೋಡಿಕೊಳ್ಳಲಿ, ನಾವ್ಯಾಕೆ ಕೊಡಬೇಕು ಅನ್ನುವವರಿಗೆ ಒಂದು ಉದಾಹರಣೆ. ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲಿನ ವೃತ್ತವೂ ಸೇರಿ 400ಕ್ಕೂ ಹೆಚ್ಚು ತಾಣಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜನ್ನು 2015ರಲ್ಲಿ ಸರ್ಕಾರ 8 ಕೋಟಿ ಪೌಂಡ್ ಕೊಟ್ಟು ಸ್ವತಂತ್ರ ದಾನ ಸಂಸ್ಥೆ ಮಾಡಿತು. ಎಂಟು ವರ್ಷದಲ್ಲಿ ಸರ್ಕಾರದ ಹಂಗಿಲ್ಲದೆ ನಡೆಯಬೇಕು ಎಂಬ ಗುರಿಯನ್ನೂ ಇಟ್ಟಿತು. ಸರ್ಕಾರ ನೋಡಿಕೊಳ್ಳುತ್ತದೆ ಎಂಬುದಕ್ಕೂ ಒಂದು ಕೊನೆಯ ದಿನಾಂಕ ಇರಬಹುದು.

ಉಯಿಲಿನಲ್ಲಿ ಕೊಡುವವರು, ಕಟ್ಟಡವನ್ನೇ ಬಿಟ್ಟುಹೋಗುವವರು ಒಂದು ಮಾತು ನೆನಪಿಡಿ. ಮನೆಯ ಜತೆಗೆ ಅದರ ಖರ್ಚಿಗೆ ದತ್ತಿನಿಧಿಯೂ ಬರದಿದ್ದರೆ ನ್ಯಾಷನಲ್ ಟ್ರಸ್ಟ್ ಸುಲಭಕ್ಕೆ ಒಪ್ಪುವುದಿಲ್ಲ. ಎಷ್ಟು ಬೇಕೆಂದು ಲೆಕ್ಕ ಹಾಕಲು ಚೋರ್ಲಿ ಸೂತ್ರ ಎಂದೇ ಒಂದು ಇದೆ. ಬರಿಗೈಯಲ್ಲಿ ಬಂದ ಬಂಗಲೆ ಉಡುಗೊರೆಯಲ್ಲ, ಹೊರೆ.

ದುಡ್ಡು ಬೇಡ, ಕೈ ಕೊಡುತ್ತೇನೆ ಅನ್ನುವವರಿಗೆ ತಿಂಗಳಿಗೊಂದು ದಿನ ಸಾಕು. ಒಳಗಿನ ಸ್ಥಿತಿ ಯಾವ ವರದಿಗಿಂತಲೂ ಬೇಗ ಗೊತ್ತಾಗುತ್ತದೆ.

ನಾನು ಮಾಡಿದ್ದು

ದೊಡ್ಡ ಟ್ರಸ್ಟಿನ ಸದಸ್ಯತ್ವ ಇಟ್ಟುಕೊಂಡೆ, ಟಿಕೆಟ್ ಲೆಕ್ಕದಲ್ಲಿ. ಸಭೆಯ ಮತಪತ್ರ ಬಂದರೆ ಮರೆಯದೆ ಹಾಕುತ್ತೇನೆ. ಇನ್ನೊಂದು ಸಂಸ್ಥೆಗೆ ಎರಡು ಸಲ ಪ್ರಶ್ನೆ ಬರೆದೆ. ಎರಡು ಸಲವೂ ಧನ್ಯವಾದದ ಅಚ್ಚು ಪತ್ರ ಬಂತೇ ಹೊರತು ಉತ್ತರ ಬರಲಿಲ್ಲ. ಅದನ್ನು ಬಿಟ್ಟೆ. ಬಿಡುವಾಗ ಕಾರಣ ಬರೆದು ಕಳಿಸಿದೆ. ಸುಮ್ನೆ ಜಾರಿಕೊಂಡರೆ ಅವರ ಪಟ್ಟಿಯಲ್ಲಿ 'ನವೀಕರಿಸಲು ಮರೆತವರು' ಎಂದಷ್ಟೇ ಆಗುತ್ತೇವೆ. ಆಮೇಲೆ ನೆನಪೋಲೆ ಕಳಿಸಲು ಇನ್ನಷ್ಟು ಖರ್ಚು ಮಾಡುತ್ತಾರೆ.

ಬಕೆಟ್ಟಿನ ಟ್ರಸ್ಟಿಗೆ ಕೊಡುತ್ತಲೇ ಇದ್ದೇನೆ. ಅರ್ಜಿಯಲ್ಲಿ 'ಯಾವ ಉದ್ದೇಶಕ್ಕೆ' ಎಂಬ ಖಾನೆ ಮೊದಲೆಲ್ಲ ಖಾಲಿ ಬಿಡುತ್ತಿದ್ದೆ. ಈ ವರ್ಷ 'ಸೂರಿನ ದೋಣಿ ತೊಳೆಯಲು, ಮಳೆಗೆ ಮುಂಚೆ' ಎಂದು ತುಂಬಿದೆ. ರಸೀದಿಯಲ್ಲೂ ಹಾಗೇ ಟೈಪ್ ಮಾಡಿ ಕಳಿಸಿದ್ದಾರೆ.